ಸಂಗ್ರಹಿಸುವ ಕೈ, ರುಜು ಹಾಕುವ ಕೈ

ಅಮೆರಿಕದ ಚಿಕಾಗೋ ನಗರದ ಹೆಸರು ನಮ್ಮ ಸಮಾಜಕ್ಕೆ ಅಪರಿಚಿತವಲ್ಲ. ೧೮೯೩ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದ ಸರ್ವಧರ್ಮ ಸಮ್ಮೇಳನಕ್ಕೆ ಆಚಾರ್ಯ ವಿಜಯಾನಂದ ಸೂರಿಗಳಿಗೆ ಆಹ್ವಾನ ಬಂದಿತು. ಸಮುದ್ರಯಾನವು ಮುನಿಧರ್ಮಕ್ಕೆ ಸಲ್ಲದಾದುದರಿಂದ ಅವರ ಪ್ರತಿನಿಧಿಯಾಗಿ ವೀರಚಂದ ರಾಘವಜಿ ಗಾಂಧಿಯವರು ಅಲ್ಲಿಗೆ ತೆರಳಿ ಜೈನಧರ್ಮದ ತತ್ತ್ವಗಳನ್ನು ಪಾಶ್ಚಾತ್ಯ ವಿದ್ವಾಂಸರ ಮುಂದೆ ನಿರೂಪಿಸಿದರು. ಇದು ನಮ್ಮಲ್ಲಿ ಅನೇಕರು ಬಲ್ಲ ಸಂಗತಿ. ಅದಕ್ಕೆ ಮೂವತ್ತು ವರ್ಷ ಮೊದಲು, ೧೮೬೩ರಲ್ಲಿ, ಅದೇ ನಗರದಲ್ಲಿ ಸಾಮಾನ್ಯ ಗೃಹಿಣಿಯರು ಕೂಡಿ ನಡೆಸಿದ ಒಂದು ಸೇವಾಮೇಳದ ಇತಿಹಾಸ ಮಾತ್ರ ನಮ್ಮಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿಲ್ಲ. ಮಹಿಳಾ ಸಮಾಜಗಳಿರುವ ಪ್ರತಿಯೊಂದು ಊರಿನವರೂ, ಬಸದಿಗಳ ಆಡಳಿತ ಹೊತ್ತ ಪ್ರತಿಯೊಂದು ಟ್ರಸ್ಟಿನವರೂ ಅದನ್ನು ತಿಳಿದುಕೊಳ್ಳುವುದು ಉಚಿತ. ದಾನವನ್ನು ಸಂಗ್ರಹಿಸುವವರು ಯಾರು, ಅದರ ವಿನಿಯೋಗವನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯನ್ನು ಆ ಇತಿಹಾಸ ನಮ್ಮ ಮುಂದೆ ಸ್ಪಷ್ಟವಾಗಿ ಇಡುತ್ತದೆ.

೧೮೬೧ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ಪ್ರಾಂತಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. ನೀಗ್ರೋ ಜನಾಂಗದವರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವ ಪದ್ಧತಿಯೇ ಈ ಕಲಹದ ಮೂಲ. ನಾಲ್ಕು ವರ್ಷಗಳ ಆ ಯುದ್ಧದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಸೈನಿಕರು ಸತ್ತರು. ಅವರಲ್ಲಿ ಗುಂಡೇಟಿನಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಅಧಿಕ. ಕೊಳೆತ ನೀರು, ಹೊಲಸು ಪಾಳೆಯ, ಹಸಿ ತರಕಾರಿಯಿಲ್ಲದ ಆಹಾರ ಇವುಗಳೇ ಶತ್ರುವಿನ ಫಿರಂಗಿಗಿಂತ ಭಯಂಕರವಾದವು. ಸರ್ಕಾರದ ವೈದ್ಯಕೀಯ ಇಲಾಖೆಗೆ ಈ ಭಾರವನ್ನು ಹೊರುವ ಶಕ್ತಿ ಇರಲಿಲ್ಲ. ಯುದ್ಧ ಆರಂಭವಾದ ತಿಂಗಳಲ್ಲೇ ನ್ಯೂಯಾರ್ಕಿನ ಮಹಿಳೆಯರು ಒಂದು ಕೇಂದ್ರ ಪರಿಹಾರ ಸಂಘವನ್ನು ಕಟ್ಟಿದರು. ಆ ದೇಶದಲ್ಲಿ ವೈದ್ಯ ಪದವಿ ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಅದರ ಪ್ರೇರಕರಲ್ಲಿ ಒಬ್ಬರು. ಈ ಯತ್ನದ ಬೆನ್ನಿಗೇ, ಅದೇ ವರ್ಷದ ಜೂನ್ ತಿಂಗಳಲ್ಲಿ ಸರ್ಕಾರದ ಮನ್ನಣೆ ಪಡೆದ 'ಸ್ಯಾನಿಟರಿ ಕಮಿಷನ್' ಎಂಬ ಸಂಸ್ಥೆ ಹುಟ್ಟಿತು. ಗಮನಿಸಬೇಕಾದ ವಿಷಯವೆಂದರೆ, ಮೊದಲ ಹೆಜ್ಜೆ ಮಹಿಳೆಯರದಾದರೂ ಕಮಿಷನ್ನಿನ ಆಡಳಿತ ಮಂಡಲಿಯಲ್ಲಿ ಕುಳಿತವರೆಲ್ಲರೂ ಪುರುಷರೇ.

ಯುದ್ಧ ಹಿಂಸೆಯೇ ಅಲ್ಲವೇ, ಅದಕ್ಕೆ ಸಂಬಂಧಿಸಿದ ಕಾರ್ಯವನ್ನು ನಾವು ಹೇಗೆ ಆದರ್ಶವೆನ್ನುವುದು ಎಂದು ಯಾರಾದರೂ ಕೇಳಬಹುದು. ಶಂಕೆ ನ್ಯಾಯವಾದುದೇ. ಆದರೆ ಈ ಮಹಿಳೆಯರು ಕೂಡಿಸಿದ್ದು ಮದ್ದುಗುಂಡುಗಳಿಗಲ್ಲ. ಗಾಯಗೊಂಡವನಿಗೆ ಹಾಸಿಗೆ, ರೋಗಿಗೆ ಪಥ್ಯ, ಚಳಿಯಲ್ಲಿ ನಡುಗುವವನಿಗೆ ಹೊದಿಕೆ ಇವುಗಳಿಗಾಗಿ ಅವರು ದುಡಿದರು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಾವು ಎಣಿಸುವ ಚತುರ್ವಿಧ ದಾನಗಳಲ್ಲಿ ಆಹಾರ ಮತ್ತು ಭೈಷಜ್ಯ ದಾನಗಳ ಸಾಲಿಗೆ ಸೇರುವ ಕಾರ್ಯವದು.

ಕಮಿಷನ್ನಿನ ಚಿಕಾಗೋ ಶಾಖೆಯ ವ್ಯವಸ್ಥಾಪಕಿಯರಾಗಿ ೧೮೬೨ರ ಕೊನೆಯಲ್ಲಿ ನೇಮಕಗೊಂಡವರು ಮೇರಿ ಲಿವರ್‌ಮೋರ್ ಮತ್ತು ಜೇನ್ ಹೋಗ್ ಎಂಬ ಇಬ್ಬರು ಗೃಹಿಣಿಯರು. ಲಿವರ್‌ಮೋರ್ ಒಬ್ಬ ಪಾದ್ರಿಯ ಪತ್ನಿ. ತಾರುಣ್ಯದಲ್ಲಿ ವರ್ಜೀನಿಯದ ಒಂದು ತೋಟದ ಮನೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ಗುಲಾಮಗಿರಿಯ ಕ್ರೌರ್ಯವನ್ನು ಕಣ್ಣಾರೆ ಕಂಡಿದ್ದವರು. ಪತಿಯ ಧಾರ್ಮಿಕ ಪತ್ರಿಕೆಯ ಕೆಲಸದಲ್ಲಿಯೂ ಕೈಜೋಡಿಸಿದ್ದರು. ಹೋಗ್ ಅವರು ವಯಸ್ಸಿನಲ್ಲಿ ಹಿರಿಯರು, ಬಹು ಮಕ್ಕಳ ತಾಯಿ, ನಗರದ ಅನಾಥಾಶ್ರಮದ ಕಾರ್ಯದಲ್ಲಿ ನುರಿತವರು. ಇಬ್ಬರೂ ಲೋಕವನ್ನು ಬಲ್ಲವರು. ಇಬ್ಬರಿಗೂ ಮನೆವಾರ್ತೆಯ ಹೊಣೆ ಇತ್ತು.

ಇವರ ಕಾರ್ಯಕ್ರಮವನ್ನು ತುಸು ವಿವರವಾಗಿ ನೋಡೋಣ. ಸುತ್ತಣ ಪ್ರಾಂತಗಳ ಹಳ್ಳಿಹಳ್ಳಿಗಳಲ್ಲಿ ಸೈನಿಕ ಸಹಾಯ ಸಂಘಗಳೆಂಬ ಮಹಿಳಾ ಕೂಟಗಳಿದ್ದವು. ಅವರು ಅಂಗಿ, ಕಾಲುಚೀಲ, ಗಾಯಕ್ಕೆ ಕಟ್ಟುವ ಬಟ್ಟೆ, ಒಣಗಿಸಿದ ಹಣ್ಣು ಮುಂತಾದುವನ್ನು ಪೆಟ್ಟಿಗೆಗಳಲ್ಲಿ ತುಂಬಿ ಚಿಕಾಗೋಗೆ ಕಳುಹಿಸುತ್ತಿದ್ದರು. ಹಣ್ಣಿನ ರಸ ಒಡೆದು ಬಟ್ಟೆಯ ಮೇಲೆ ಹರಿದು ಎಲ್ಲವೂ ಹಾಳಾಗುವುದುಂಟು. ಆದ್ದರಿಂದ ಪ್ರತಿಯೊಂದು ಪೆಟ್ಟಿಗೆಯನ್ನೂ ಬಿಚ್ಚಿ, ವಸ್ತುಗಳನ್ನು ವಿಂಗಡಿಸಿ, ಕಮಿಷನ್ನಿನ ಮುದ್ರೆಯೊತ್ತಿ, ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆಯ ವಸ್ತುವಿರುವಂತೆ ಪುನಃ ತುಂಬಿ ಕಳುಹಿಸುವ ಪದ್ಧತಿ ಏರ್ಪಟ್ಟಿತು. ಬಂದುದಕ್ಕೆಲ್ಲ ಸ್ವೀಕೃತಿ ಪತ್ರ ಹೋಗುತ್ತಿತ್ತು. ಯಾವ ಆಸ್ಪತ್ರೆಯಲ್ಲಿ ಯಾವುದರ ಕೊರತೆಯಿದೆಯೆಂದು ಮುದ್ರಿತ ಸುತ್ತೋಲೆಗಳು ಹಳ್ಳಿಗಳಿಗೆ ಹೋಗುತ್ತಿದ್ದವು. ಕಳುಹಿಸಿದ ಸಾಮಗ್ರಿಯನ್ನು ಅಧಿಕಾರಿಗಳು ತಿಂದುಬಿಡುತ್ತಾರೆಂಬ ಅಪವಾದ ಆಗ ಎಲ್ಲೆಡೆ ಹಬ್ಬಿತ್ತು. ಅದಕ್ಕೆ ಇವರು ಕೊಟ್ಟ ಉತ್ತರ ಭಾಷಣವಲ್ಲ, ಲೆಕ್ಕಪತ್ರ.

೧೮೬೩ರ ಆರಂಭದಲ್ಲಿ ವಿಕ್ಸ್‌ಬರ್ಗ್ ಬಳಿಯ ಸೇನೆಯಲ್ಲಿ ಸ್ಕರ್ವಿ ಎಂಬ ರೋಗ ತಲೆದೋರಿತು. ಹಸಿ ತರಕಾರಿ ಹಣ್ಣುಗಳಿಲ್ಲದೆ ಒಸಡು ಊದಿ ರಕ್ತ ಸುರಿಯುವ ವ್ಯಾಧಿಯದು. ಕೂಡಲೇ ಊರೂರುಗಳಿಗೆ ಕರೆ ಹೋಯಿತು. ಮಹಿಳೆಯರು ಮನೆಮನೆಯಿಂದ ಈರುಳ್ಳಿ, ಆಲೂಗಡ್ಡೆ ಬೇಡಿ ತಂದು ಪೀಪಾಯಿಗಟ್ಟಲೆ ರವಾನಿಸಿದರು. ನಮ್ಮಲ್ಲಿ ವರ್ಜ್ಯವಾದ ಕಂದಮೂಲಗಳೇ ಆ ರೋಗಿಗಳಿಗೆ ಔಷಧವಾದವು.

ಇಷ್ಟಾದರೂ ಅದೇ ವರ್ಷದ ಮಧ್ಯಭಾಗದ ವೇಳೆಗೆ ಭಂಡಾರ ಬರಿದಾಗುತ್ತ ಬಂದಿತು. ಆಗ ಈ ಇಬ್ಬರು ಮಹಿಳೆಯರು ಒಂದು ದೊಡ್ಡ ಮೇಳವನ್ನು ನಡೆಸಿ ಇಪ್ಪತ್ತೈದು ಸಾವಿರ ಡಾಲರುಗಳನ್ನು ಕೂಡಿಸುವ ಸಲಹೆಯನ್ನು ಮುಂದಿಟ್ಟರು. ಕಮಿಷನ್ನಿನ ಪುರುಷ ಸದಸ್ಯರಿಗೆ ಇದು ಹಾಸ್ಯಾಸ್ಪದವಾಗಿ ತೋರಿತು. ಅವರು ಅಡ್ಡಿ ಮಾಡಲಿಲ್ಲ, ಉತ್ಸಾಹವನ್ನೂ ತೋರಲಿಲ್ಲ. ಮಹಿಳೆಯರು ಮಾತ್ರ ಹಿಂಜರಿಯದೆ ವಾಯವ್ಯ ಪ್ರಾಂತಗಳ ಸಂಘಗಳಿಂದ ಪ್ರತಿನಿಧಿಗಳನ್ನು ಕರೆಸಿ ಸಭೆ ಸೇರಿಸಿದರು, ಸಾವಿರಾರು ಸುತ್ತೋಲೆಗಳನ್ನು ಹಂಚಿದರು, ಪತ್ರಿಕೆಗಳಿಗೆ ಬರೆದರು.

ಅಕ್ಟೋಬರ್ ೨೭ರಂದು ಮೇಳ ಆರಂಭವಾಯಿತು. ನಗರದಲ್ಲಿ ಅಂಗಡಿ, ಶಾಲೆ, ನ್ಯಾಯಾಲಯಗಳಿಗೆ ಬಿಡುವು. ಮೈಲಿಗಟ್ಟಲೆ ಉದ್ದದ ಮೆರವಣಿಗೆಯಲ್ಲಿ ಜನರ ಹೃದಯವನ್ನು ಕಲಕಿದ್ದು ವಾದ್ಯಗಳಾಗಲಿ ಪತಾಕೆಗಳಾಗಲಿ ಅಲ್ಲ. ಸಮೀಪದ ಲೇಕ್ ಕೌಂಟಿಯ ರೈತರು ತರಕಾರಿ ಧಾನ್ಯಗಳನ್ನು ಹೇರಿಕೊಂಡು ಸಾಲಾಗಿ ತಂದ ಬಂಡಿಗಳು. ಅವನ್ನು ನಡೆಸುತ್ತಿದ್ದವರು ದುಡಿದು ಬಾಗಿದ ಸಾಧಾರಣ ಜನ, ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದ ತಂದೆತಾಯಿಗಳು. ನಗರದ ಬ್ರಯನ್ ಸಭಾಂಗಣದಲ್ಲಿಯೂ ಇತರ ಕಟ್ಟಡಗಳಲ್ಲಿಯೂ ನವೆಂಬರ್ ೭ರವರೆಗೆ ಮಾರಾಟ, ಪ್ರದರ್ಶನ, ಸಂಗೀತ, ಉಪನ್ಯಾಸಗಳು ನಡೆದವು. ಪ್ರತಿದಿನ ಸಾವಿರಾರು ಮಂದಿಯ ಭೋಜನವನ್ನು ನಗರದ ಗೃಹಿಣಿಯರು ಪಾಳಿ ಹಂಚಿಕೊಂಡು ತಾವೇ ಬಡಿಸಿದರು. ರಾಷ್ಟ್ರಾಧ್ಯಕ್ಷ ಅಬ್ರಹಾಂ ಲಿಂಕನ್ನರು ಗುಲಾಮರ ವಿಮೋಚನೆಯ ಘೋಷಣೆಯ ತಮ್ಮ ಸ್ವಹಸ್ತಾಕ್ಷರದ ಕರಡನ್ನೇ ಮೇಳಕ್ಕೆ ದಾನವಾಗಿ ಕಳುಹಿಸಿದರು. ಅದು ೩,೦೦೦ ಡಾಲರುಗಳಿಗೆ ವಿಕ್ರಯವಾಯಿತು. ೧೮೭೧ರ ಮಹಾ ಅಗ್ನಿ ಅನಾಹುತದಲ್ಲಿ ಆ ಪತ್ರ ಸುಟ್ಟುಹೋಯಿತು. ಆದರೆ ಅದರ ಬೆಲೆಯಿಂದ ಶುಶ್ರೂಷೆ ಪಡೆದವರ ಬದುಕು ಉಳಿಯಿತು. ಮೇಳದ ಒಟ್ಟು ಆದಾಯ ನಿರೀಕ್ಷೆಯ ಮೂರು ಪಟ್ಟನ್ನೂ ದಾಟಿ ಒಂದು ಲಕ್ಷ ಡಾಲರಿನ ಸಮೀಪಕ್ಕೆ ಬಂದಿತು.

ಈ ಯಶಸ್ಸಿನ ನಡುವೆ ನಡೆದ ಒಂದು ಚಿಕ್ಕ ಪ್ರಸಂಗವೇ ಇಲ್ಲಿ ನಮಗೆ ಮುಖ್ಯ. ಯಂತ್ರೋಪಕರಣಗಳ ಪ್ರದರ್ಶನಕ್ಕೆ ತಾತ್ಕಾಲಿಕ ಕಟ್ಟಡವೊಂದು ಬೇಕಾಯಿತು. ಲಿವರ್‌ಮೋರ್ ಮತ್ತು ಹೋಗ್ ಒಬ್ಬ ಗುತ್ತಿಗೆದಾರನನ್ನು ಕರೆಸಿ, ನಕ್ಷೆ ಒಪ್ಪಿ, ಕರಾರು ಪತ್ರಕ್ಕೆ ರುಜು ಹಾಕಿದರು. ಆತ ಪತ್ರವನ್ನು ನೋಡಿ, ಇದಕ್ಕೆ ಜಾಮೀನು ಯಾರೆಂದು ಕೇಳಿದ. ಜಾಮೀನೇಕೆ, ಹಣ ಸಿದ್ಧವಾಗಿದೆ ಎಂದರು ಇವರು. ವಿವಾಹಿತ ಸ್ತ್ರೀಯರ ರುಜುವಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ನಿಮ್ಮ ಸಂಪಾದನೆಯೂ ನಿಮ್ಮ ಯಜಮಾನರದೇ, ಆದುದರಿಂದ ಅವರೇ ರುಜು ಹಾಕಬೇಕು ಎಂದು ಆತ ವಿವರಿಸಿದ. ಕೊನೆಗೆ ಪತಿಯರ ರುಜುವಿನಿಂದಲೇ ಕೆಲಸ ಸಾಗಿತು. ಸಾವಿರಾರು ಮಹಿಳೆಯರನ್ನು ಸಂಘಟಿಸಿ, ಸೇನೆಯ ಆಸ್ಪತ್ರೆಗಳಿಗೆ ಹಡಗುಗಟ್ಟಲೆ ಸಾಮಗ್ರಿ ಕಳುಹಿಸಿದ ಈ ಇಬ್ಬರಿಗೆ ಮರದ ಒಂದು ಕೊಟ್ಟಿಗೆ ಕಟ್ಟಿಸುವ ಅಧಿಕಾರವಿರಲಿಲ್ಲ! ಯುದ್ಧ ಮುಗಿದೊಡನೆ ಈ ಅನ್ಯಾಯದ ವಿರುದ್ಧ ದುಡಿಯುವೆನೆಂದು ಅಂದೇ ಸಂಕಲ್ಪ ಮಾಡಿದುದಾಗಿ ಲಿವರ್‌ಮೋರ್ ತಮ್ಮ ಯುದ್ಧಕಾಲದ ಸ್ಮೃತಿಗ್ರಂಥದಲ್ಲಿ ಹೇಳಿಕೊಂಡಿದ್ದಾರೆ.

ಸಂಕಲ್ಪವನ್ನು ಅವರು ನೆರವೇರಿಸಿದರು. ೧೮೬೮ರಲ್ಲಿ ಚಿಕಾಗೋದಲ್ಲಿ ಮಹಿಳಾ ಮತಾಧಿಕಾರ ಸಮ್ಮೇಳನವನ್ನು ಕೂಡಿಸಿದರು. ಮರುವರ್ಷ ಅದಕ್ಕಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. ವಿವಾಹಿತ ಸ್ತ್ರೀಯ ಸಂಪಾದನೆ ಅವಳದೇ ಎಂಬ ಕಾನೂನು ಅವರ ಪ್ರಾಂತದಲ್ಲಿ ೧೮೬೯ರಲ್ಲಿ ಬಂದಿತು. ೧೯೦೫ರಲ್ಲಿ ಅವರು ತೀರಿಕೊಂಡ ಹದಿನೈದು ವರ್ಷಗಳ ಅನಂತರ, ೧೯೨೦ರಲ್ಲಿ, ಲಿಂಗದ ಕಾರಣದಿಂದ ಮತಾಧಿಕಾರವನ್ನು ನಿರಾಕರಿಸಕೂಡದೆಂಬ ತಿದ್ದುಪಡಿ ಆ ದೇಶದ ಸಂವಿಧಾನವನ್ನು ಸೇರಿತು.

ಚಿಕಾಗೋದ ಮೇಲ್ಪಂಕ್ತಿಯನ್ನು ಬಾಸ್ಟನ್, ಸಿನ್‌ಸಿನಾಟಿ, ಬ್ರೂಕ್ಲಿನ್ ಮೊದಲಾದ ನಗರಗಳು ಅನುಸರಿಸಿದವು. ೧೮೬೪ರ ನ್ಯೂಯಾರ್ಕ್ ಮೇಳ ಹತ್ತು ಲಕ್ಷ ಡಾಲರುಗಳನ್ನು ಮೀರಿತು. ಆದರೆ ಮೊತ್ತ ಬೆಳೆದಂತೆ ದೋಷಗಳೂ ತಲೆದೋರಿದವು. ಅದೃಷ್ಟದ ಚೀಟಿಯ ಮೂಲಕ ಹಣ ಎತ್ತುವುದು ಜೂಜಲ್ಲವೇ ಎಂದು ಪಾದ್ರಿಗಳು ಆಕ್ಷೇಪಿಸಿದರು. ನ್ಯೂಯಾರ್ಕಿನಲ್ಲಿ ಒಂದು ಖಡ್ಗವನ್ನಿರಿಸಿ, ಯಾವ ಸೇನಾನಿಗೆ ಅದು ಸಲ್ಲಬೇಕೆಂದು ಒಂದು ಮತಕ್ಕೆ ಒಂದು ಡಾಲರಿನಂತೆ ಮತ ಹಾಕಿಸಿದರು. ಗ್ರಾಂಟ್ ಮತ್ತು ಮೆಕ್ಲೆಲನ್ ಎಂಬ ಇಬ್ಬರು ಸೇನಾಪತಿಗಳ ಅಭಿಮಾನಿಗಳು ಪೈಪೋಟಿಯಿಂದ ಹಣ ಸುರಿದರು, ಗ್ರಾಂಟ್ ಗೆದ್ದರು. ನಿಧಿ ಬೆಳೆಯಿತು ನಿಜ. ಅಲ್ಲಿ ಗಾಯಾಳುವಿನ ಮೇಲಿನ ಕರುಣೆಗಿಂತ ಪಕ್ಷಾಭಿಮಾನವೇ ಮುಂದಾಯಿತಲ್ಲವೇ? ಕಲಶದ ಸವಾಲಿನಲ್ಲಿ ಕೂಗುವಾಗ ನಮ್ಮ ಮನಸ್ಸು ಭಕ್ತಿಯಲ್ಲಿದೆಯೋ ಪಕ್ಕದವನನ್ನು ಸೋಲಿಸುವುದರಲ್ಲಿದೆಯೋ ಎಂದು ನಾವೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಮಾನಕಷಾಯ ಬೆರೆತ ದಾನದಿಂದ ಪೆಟ್ಟಿಗೆ ತುಂಬಬಹುದು, ಆತ್ಮ ಹಗುರವಾಗದು.

ಈಗ ನಮ್ಮ ಮನೆಯತ್ತ ನೋಡೋಣ. ಸ್ತ್ರೀಯು ಸ್ವತಂತ್ರವಾಗಿ ದಾನ ಮಾಡುವುದು ಕನ್ನಡನಾಡಿಗೆ ಹೊಸತಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪತಿಯನ್ನು ಕಳೆದುಕೊಂಡ ಮೇಲೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ರನ್ನನಿಂದ ಅಜಿತಪುರಾಣವನ್ನು ರಚಿಸಿದಳು, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ೧೦೦೭ರ ಶಾಸನ ಅದಕ್ಕೆ ಸಾಕ್ಷಿ. ಕೊಟ್ಟವಳೂ ಅವಳೇ, ಯಾವುದಕ್ಕೆ ಕೊಡಬೇಕೆಂದು ನಿರ್ಧರಿಸಿದವಳೂ ಅವಳೇ. ಅವಳ ಹೆಸರಿನಲ್ಲಿ ಹೆಮ್ಮೆಪಡುವ ನಾವು ಇಂದು ಹೇಗಿದ್ದೇವೆ? ಮಹಾವೀರ ಜಯಂತಿಗೆ ಅಡಿಗೆಯಿಂದ ರಂಗೋಲಿಯವರೆಗೆ ಹೊಣೆ ಹೊರುವವರು, ಪಂಚಕಲ್ಯಾಣಕ್ಕೆ ಮನೆಮನೆ ತಿರುಗಿ ರಸೀದಿ ಪುಸ್ತಕ ತುಂಬಿಸುವವರು, ಬಡ ವಿದ್ಯಾರ್ಥಿಯ ಶುಲ್ಕಕ್ಕಾಗಿ ಹಪ್ಪಳ ಉಪ್ಪಿನಕಾಯಿ ಮಾಡಿ ಮಾರುವವರು ನಮ್ಮ ಮಹಿಳೆಯರು. ಆದರೆ ಎಷ್ಟೋ ಕಡೆ ಆ ಹಣ ಸೇರುವ ಖಾತೆಗೆ ರುಜು ಹಾಕುವವರು ಬೇರೆ, ಅದು ಹೋಗುವ ದಿಕ್ಕನ್ನು ನಿರ್ಣಯಿಸುವ ಸಭೆ ಬೇರೆ. ಮಹಿಳೆಯರ ಪಾಲಿಗೆ ಉಳಿಯುವುದು ವಂದನಾರ್ಪಣೆಯ ಒಂದು ವಾಕ್ಯ.

ಚಿಕಾಗೋದ ಆ ಗುತ್ತಿಗೆದಾರನಿಗೆ ಕಾನೂನಿನ ನೆಪವಾದರೂ ಇತ್ತು. ನಮಗೆ ಅದೂ ಇಲ್ಲ. ಜೈನರಿಗೂ ಅನ್ವಯಿಸುವ ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಸ್ತ್ರೀಗೆ ತನ್ನ ಆಸ್ತಿಯ ಮೇಲೆ ಪೂರ್ಣ ಸ್ವಾಮ್ಯವನ್ನು ಕೊಟ್ಟಿದೆ. ಇನ್ನು ಅಡ್ಡಿಯಾಗಿರುವುದು ರೂಢಿಯೊಂದೇ. ಹೆಣ್ಣುಮಕ್ಕಳಿಗೆ ಲೆಕ್ಕ ತಿಳಿಯದು ಎನ್ನುವವರುಂಟು. ಪೆಟ್ಟಿಗೆ ಪೆಟ್ಟಿಗೆಗೂ ಲೆಕ್ಕವಿಟ್ಟವರ ಇತಿಹಾಸವೇ ಅವರಿಗೆ ಉತ್ತರ. ಮನೆಯ ಹಿರಿಯರು ನೋಡಿಕೊಳ್ಳುವಾಗ ಭೇದವೇಕೆ ಎನ್ನುವವರೂ ಉಂಟು. ಭೇದವಿಲ್ಲವೆಂದ ಮೇಲೆ ರುಜುವಿನಲ್ಲಿಯೂ ಅದು ಇರಬಾರದಲ್ಲವೇ?

ಆದುದರಿಂದ ಬಸದಿಗಳ ಆಡಳಿತ ಮಂಡಲಿಗಳಲ್ಲಿ ನಮ್ಮ ವಿನಂತಿ ಇಷ್ಟು. ಮಹಿಳಾ ಸಮಾಜ ಸಂಗ್ರಹಿಸಿದ ನಿಧಿಗೆ ಪ್ರತ್ಯೇಕ ಖಾತೆಯಿರಲಿ. ಅದಕ್ಕೆ ಆ ಸಮಾಜದ ಇಬ್ಬರು ಪದಾಧಿಕಾರಿಣಿಯರ ಜಂಟಿ ರುಜುವಿರಲಿ. ವರ್ಷಕ್ಕೊಮ್ಮೆ ಜಮಾ ಖರ್ಚನ್ನು ಸರ್ವಸದಸ್ಯರ ಸಭೆಯಲ್ಲಿ ಅವರೇ ಓದಿ ಹೇಳಲಿ. ಟ್ರಸ್ಟಿನ ಸಭೆಯಲ್ಲಿ ಅವರಿಗೆ ಅತಿಥಿಯ ಸ್ಥಾನವಲ್ಲ, ಸದಸ್ಯತ್ವದ ಸ್ಥಾನ ದೊರೆಯಲಿ. ಮಹಿಳಾ ಸಮಾಜದವರಲ್ಲಿಯೂ ಒಂದು ವಿನಂತಿ: ಹಕ್ಕನ್ನು ಕೇಳುವ ಮೊದಲೇ ಲೆಕ್ಕವನ್ನು ಶುದ್ಧವಾಗಿಡುವ ಅಭ್ಯಾಸವಾಗಲಿ, ಒಂದು ರೂಪಾಯಿಗೂ ರಸೀದಿಯಿರಲಿ, ಕೊಟ್ಟ ಬಡವಿಗೂ ಸ್ವೀಕೃತಿಯ ಒಂದು ಸಾಲು ತಲುಪಲಿ.

ಶ್ರಾವಕ, ಶ್ರಾವಿಕೆ ಎಂದು ಸಂಘದಲ್ಲಿ ಇಬ್ಬರಿಗೂ ಸ್ಥಾನ ಕೊಟ್ಟ ಧರ್ಮ ನಮ್ಮದು. ದಾನದ ಪುಣ್ಯದಲ್ಲಿ ಇಬ್ಬರಿಗೂ ಪಾಲಿರುವಾಗ ಅದರ ಹೊಣೆಯಲ್ಲಿಯೂ ಇಬ್ಬರಿಗೂ ಪಾಲಿರುವುದೇ ನ್ಯಾಯ.