ಉಪಕರಣದ ಋಣ ಮತ್ತು ಅಚೌರ್ಯಾಣುವ್ರತ

ಶ್ರಾವಕನ ಪಂಚಾಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಒಡೆಯನು ಕೊಡದಿರುವುದನ್ನು ತೆಗೆದುಕೊಳ್ಳಲಾಗದು ಎಂಬುದು ಅದರ ಸಾರ. ಎಷ್ಟು ನಕಲು ಮಾಡಿದರೂ ಸವೆಯದ ತಂತ್ರಾಂಶಕ್ಕೆ ಈ ವ್ರತವು ಅನ್ವಯಿಸುವುದೇ? ತಂತ್ರಾಂಶವನ್ನು ರಚಿಸಿಯೇ ಜೀವಿಸುವವರು ತಮ್ಮ ಉಪಕರಣಗಳಿಗೆ ಬೆಲೆ ತೆರಬೇಕೇ? ಈ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ.

1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ 8800 ಎಂಬ ಸಣ್ಣ ಗಣಕಯಂತ್ರವು ಮಾರಾಟಕ್ಕೆ ಬಂದಿತು. ಅದಕ್ಕೆ ತಂತ್ರಾಂಶ ಬರೆಯಲು ನೆರವಾಗುವ ಬೇಸಿಕ್ ಎಂಬ ಉಪಕರಣವನ್ನು ಬಿಲ್ ಗೇಟ್ಸ್ ಮತ್ತು ಸಂಗಡಿಗರು ಸಿದ್ಧಪಡಿಸಿದರು. ಹವ್ಯಾಸಿಗಳು ಅದರ ಕಾಗದದ ಸುರುಳಿಯನ್ನು ನಕಲು ಮಾಡಿ ಹಂಚಿಕೊಂಡರು. 1976ರ ಫೆಬ್ರವರಿ 3ರ ಬಹಿರಂಗ ಪತ್ರದಲ್ಲಿ ಗೇಟ್ಸ್ ಲೆಕ್ಕವನ್ನು ಮುಂದಿಟ್ಟರು: ಆಲ್ಟೇರ್ ಉಳ್ಳವರಲ್ಲಿ ಬೇಸಿಕನ್ನು ಕೊಂಡವರು ಶೇಕಡಾ 10ಕ್ಕಿಂತ ಕಡಿಮೆ, ತಮ್ಮ ದುಡಿಮೆಗೆ ದೊರೆತ ಫಲ ಗಂಟೆಗೆ 2 ಡಾಲರಿಗಿಂತ ಕಡಿಮೆ.

ನಕಲಿನಿಂದ ಒಡೆಯನ ಬಳಿ ಇದ್ದುದೇನೂ ಕಡಿಮೆಯಾಗಲಿಲ್ಲವಲ್ಲ ಎಂಬ ವಾದವನ್ನು ಇಂದಿಗೂ ಕೇಳುತ್ತೇವೆ. ಆದರೆ ವ್ರತದ ಒರೆಗಲ್ಲು ವಸ್ತು ಸವೆಯಿತೇ ಎಂಬುದಲ್ಲ, ಒಡೆಯನು ಕೊಟ್ಟನೇ ಎಂಬುದು. ಕದ್ದು ತಂದ ಮಾಲನ್ನು ಸ್ವೀಕರಿಸುವುದನ್ನೂ ತತ್ತ್ವಾರ್ಥಸೂತ್ರವು ಅತಿಚಾರಗಳಲ್ಲಿ ಎಣಿಸಿದೆ.

ಒಡೆಯನೇ ಮನಸಾರೆ ಕೊಟ್ಟರೆ? 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿ, ಯಾರಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ದಾರಿ ತೆರೆದರು. ಇದು ದತ್ತವಾದುದು, ಸ್ವೀಕರಿಸಿದರೆ ಚೌರ್ಯದೋಷವಿಲ್ಲ. ಶಾಸ್ತ್ರದಾನವನ್ನು ಬಲ್ಲ ನಮಗೆ ಈ ಭಾವನೆ ಹೊಸದಲ್ಲ. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಪಡೆದವರಿಗೆ ಗ್ರಂಥವು ಉಚಿತ. ವೆಚ್ಚದ ಭಾರವನ್ನು ದಾನಿಯು ಹೊತ್ತಿದ್ದಳು.

ಈ ಭಾರವನ್ನು ಹೊರುವವರಿಲ್ಲದಾಗ ಏನಾಗುವುದೆಂಬುದು 2014ರಲ್ಲಿ ಕಂಡುಬಂದಿತು. ಅಂತರಜಾಲದ ವ್ಯವಹಾರಗಳನ್ನು ಗೋಪ್ಯವಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ಉಪಕರಣದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಬಯಲಾಯಿತು. ಜಗತ್ತಿನ ಸಿರಿವಂತ ಕಂಪನಿಗಳು ಅವಲಂಬಿಸಿದ್ದ ಆ ಉಪಕರಣಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ಅನಂತರವೇ ಹಲವು ಕಂಪನಿಗಳು ಲಿನಕ್ಸ್ ಪ್ರತಿಷ್ಠಾನದ ಮೂಲಕ ಹಣ ಕೂಡಿಸಿದವು. ಅವು ಕದ್ದಿರಲಿಲ್ಲ, ನಿಜ. ಆದರೆ ಪರರ ಶ್ರಮದಿಂದ ಲಾಭ ಗಳಿಸಿ, ಆ ಶ್ರಮವನ್ನು ಪೋಷಿಸದಿರುವುದು ಲೋಭವಲ್ಲದೆ ಮತ್ತೇನು?

ಆದುದರಿಂದ ನಿರ್ಣಯವು ಎರಡು ಬಗೆಯದು. ಬೆಲೆ ಕಟ್ಟಿದ ಉಪಕರಣಕ್ಕೆ ಬೆಲೆ ತೆರುವುದು ಅಚೌರ್ಯ, ಇದು ಕಡ್ಡಾಯ. ಉಚಿತವಾಗಿ ಪಡೆದ ಉಪಕರಣದಿಂದ ಗಳಿಸಿದಾಗ ಶಕ್ತ್ಯನುಸಾರ ಹಿಂದಿರುಗಿಸುವುದು ದಾನಧರ್ಮ. ಇದು ಗೃಹಸ್ಥನ ಶೋಭೆ. ತಂತ್ರಾಂಶ ವೃತ್ತಿಯಲ್ಲಿರುವ ನಮ್ಮ ಮಕ್ಕಳಿಗೆ ಈ ಭೇದವನ್ನು ತಿಳಿಸೋಣ. ಬಸದಿಗಳ ಆಡಳಿತ ಮಂಡಳಿಗಳೂ ತಮ್ಮ ಕಚೇರಿಯ ಗಣಕಯಂತ್ರವನ್ನು ಒಮ್ಮೆ ಪರಿಶೀಲಿಸಲಿ. ದೇವದ್ರವ್ಯದ ಲೆಕ್ಕವನ್ನು ಅದತ್ತವಾದ ತಂತ್ರಾಂಶದಲ್ಲಿ ಬರೆದಿಡುವುದು ಧರ್ಮಕ್ಕೆ ಒಪ್ಪುವುದಿಲ್ಲ.