ಸೀಟಿನಡಿಯ ಪಾನಾ ಚೀಲ

ಪಿಕಪ್ ವಾಹನವೊಂದರ ಸೀಟು ಎತ್ತಿ ನೋಡಿದರೆ ಅಲ್ಲೊಂದು ಎಣ್ಣೆ ಹಿಡಿದ ಚೀಲ ಇರುತ್ತದೆ. ಅದರಲ್ಲಿ ನಾಲ್ಕಾರು ಪಾನಾಗಳು, ಎರಡು ಸ್ಕ್ರೂಡ್ರೈವರ್, ಒಂದು ಕಟಿಂಗ್ ಪ್ಲೇಯರ್, ಸುತ್ತಿಗೆ, ಜಾಕಿನ ಹಿಡಿ, ಒಂದಿಷ್ಟು ತಂತಿ, ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ. ಟೊಮೆಟೊ ಹೇರಿಕೊಂಡು ರಾತ್ರಿ ಹೊರಟ ಗಾಡಿ ಬೆಳಗಿನ ಹರಾಜಿನ ಹೊತ್ತಿಗೆ ಮಾರುಕಟ್ಟೆ ಮುಟ್ಟುತ್ತದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಈ ಚೀಲವನ್ನೇ ಅವಲಂಬಿಸಿರುತ್ತದೆ. ಹತ್ತು ರೂಪಾಯಿಯ ಬೋಲ್ಟ್ ಸಡಿಲವಾಗಿ ಗಾಡಿ ನಿಂತರೂ, ಸರಿಯಾದ ಅಳತೆಯ ಪಾನಾ ಇಲ್ಲದಿದ್ದರೆ ಇಡೀ ಲೋಡು ಕೊಳೆಯಬೇಕಾಗುತ್ತದೆ.

ನೋಡಲು ಗುಜರಿಯಂತಿರುವ ಈ ಸಾಮಾನುಗಳಲ್ಲಿ ಒಂದೊಂದಕ್ಕೂ ಒಂದು ಊರಿದೆ, ಒಂದು ಇಸವಿ ಇದೆ. ಕೆಲವಕ್ಕೆ ಜಗಳವೂ ಇದೆ. ಚೀಲದಲ್ಲಿ ಏನಿರಬೇಕು ಎಂಬುದನ್ನು ಅದನ್ನು ಹೊತ್ತು ತಿರುಗುವ ಚಾಲಕ ತೀರ್ಮಾನಿಸಿದ್ದು ಕಡಿಮೆ. ಎಲ್ಲೋ ದೂರದಲ್ಲಿ ಬೋಲ್ಟು ತಯಾರಿಸಿದವರು, ಗಾಡಿ ತಯಾರಿಸಿದವರು ತೀರ್ಮಾನಿಸಿದ್ದೇ ಹೆಚ್ಚು.

ಕಾರಿನ ಹಿಂಭಾಗ ಕತ್ತರಿಸಿ ಮರದ ಪೆಟ್ಟಿಗೆ ಕೂರಿಸಿಕೊಳ್ಳುವುದು 1920ರ ಸುಮಾರಿಗೆ ಅಮೆರಿಕದ ರೈತರಲ್ಲಿ ಮಾಮೂಲಾಗಿತ್ತು. ಇದನ್ನು ಗಮನಿಸಿದ ಫೋರ್ಡ್ ಕಂಪನಿ 1925ರ ಏಪ್ರಿಲ್ 15ರಂದು ತನ್ನ ಹೆಸರಾಂತ ಮಾಡೆಲ್ ಟಿ ಕಾರಿಗೆ ತಾನೇ ಉಕ್ಕಿನ ಪೆಟ್ಟಿಗೆ ಜೋಡಿಸಿ ಮಾರಾಟಕ್ಕೆ ಇಟ್ಟಿತು. ಬೆಲೆ 281 ಡಾಲರ್. ಪೆಟ್ಟಿಗೆಯ ಉದ್ದ 56 ಇಂಚು, ಎಂಜಿನ್ನಿನ ಶಕ್ತಿ 20 ಕುದುರೆ. ಕಾರ್ಖಾನೆಯಿಂದಲೇ ಪೂರ್ಣವಾಗಿ ಸಿದ್ಧವಾಗಿ ಬಂದ ಫೋರ್ಡ್ ಪಿಕಪ್‌ಗಳಲ್ಲಿ ಇದೇ ಮೊದಲನೆಯದು.

ಈ ಗಾಡಿ ಕೆಡುವುದಿಲ್ಲವೆಂದು ಯಾರೂ ಭರವಸೆ ಕೊಟ್ಟಿರಲಿಲ್ಲ. ಪೆಟ್ರೋಲ್ ಎಷ್ಟಿದೆಯೆಂದು ತಿಳಿಯಲು ಸೀಟು ಎತ್ತಿ, ಟ್ಯಾಂಕಿಗೆ ಕೋಲು ಅದ್ದಿ ನೋಡಬೇಕಿತ್ತು. ಪೆಟ್ರೋಲನ್ನು ಮೇಲೆತ್ತುವ ಪಂಪು ಇರಲಿಲ್ಲ, ಅದು ತಾನಾಗಿ ಎಂಜಿನ್ನಿಗೆ ಹರಿದುಬರಬೇಕಿತ್ತು. ಹೀಗಾಗಿ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ದಿಣ್ಣೆಯನ್ನು ಹಿಮ್ಮುಖವಾಗಿ ಏರುವುದೂ ಇತ್ತು! ಆದರೆ ಕೆಟ್ಟರೆ ಬಿಚ್ಚುವುದು ಹೇಗೆ ಎಂಬ ಚಿಂತೆಯನ್ನು ಕಂಪನಿ ಮಾಡಿತ್ತು. ಮಾಡೆಲ್ ಟಿ ಕೊಂಡವನಿಗೆ ಗಾಡಿಯ ಜೊತೆಗೆ ಜಾಕ್, ಗಾಳಿ ಪಂಪು, ಟೈರ್ ಬಿಚ್ಚುವ ಪಟ್ಟಿಗಳು, ಇಕ್ಕಳ, ಸ್ಕ್ರೂಡ್ರೈವರ್ ಹಾಗೂ ಪಾನಾಗಳು ಸಿಗುತ್ತಿದ್ದವು. ಒಂದು ಪಾನಾದ ಒಂದು ತುದಿ ಸ್ಪಾರ್ಕ್ ಪ್ಲಗ್ಗಿಗೆ, ಇನ್ನೊಂದು ತುದಿ ಸಿಲಿಂಡರ್ ಹೆಡ್ಡಿನ ಬೋಲ್ಟುಗಳಿಗೆ ಹೊಂದುತ್ತಿತ್ತು. ಎಂಜಿನ್ನಿನ ತಲೆಯನ್ನೇ ಬಿಚ್ಚುವ ಪಾನಾವನ್ನು ಗಿರಾಕಿಯ ಕೈಗೆ ಕೊಟ್ಟ ಆ ಧೈರ್ಯ ಇಂದು ಬೆರಗು ಹುಟ್ಟಿಸುತ್ತದೆ. ಗ್ಯಾರೇಜು ನಲವತ್ತು ಮೈಲಿ ದೂರದಲ್ಲಿದ್ದ ರೈತನಿಗೆ ಗಾಡಿ ಮಾರಬೇಕಾದರೆ ಬೇರೆ ದಾರಿಯೂ ಇರಲಿಲ್ಲವೆನ್ನಿ.

ಚಕ್ರದ ಕಥೆ ಇದಕ್ಕಿಂತ ಹಳೆಯದು. ಮೊದಮೊದಲ ಮೋಟಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಟೈರು ಕಳಚಿ ತೇಪೆ ಹಾಕಬೇಕಿತ್ತು. ವೇಲ್ಸ್ ಪ್ರಾಂತ್ಯದ ಲನೆತ್ಲಿ ಎಂಬ ಊರಿನ ಡೇವಿಸ್ ಸಹೋದರರು 1904ರಲ್ಲಿ ಕೆಟ್ಟ ಚಕ್ರದ ಪಕ್ಕಕ್ಕೇ ಬಿಗಿಯಬಹುದಾದ ಬದಲಿ ಚಕ್ರವೊಂದನ್ನು ರೂಪಿಸಿದರು. ಅವರ ಕಾರ್ಖಾನೆ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಚಕ್ರ ಬಳಕೆ ತಪ್ಪಿ ದಶಕಗಳೇ ಕಳೆದಿವೆ. ಆದರೆ ಆ ಬೀದಿಯ ಹೆಸರು ನಮ್ಮಲ್ಲಿ ಹಳ್ಳಿಯ ಕ್ಲೀನರ್ ಹುಡುಗನ ಬಾಯಲ್ಲೂ ಉಳಿದಿದೆ.

ಸ್ಕ್ರೂ ಸ್ಪ್ಯಾನರ್ ಎಂದು ನಾವು ಕರೆಯುವ, ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಪಾನಾ ಈಗಿನ ರೂಪ ಪಡೆದದ್ದು 1890ರ ದಶಕದ ಆರಂಭದಲ್ಲಿ, ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ ಕೈಯಲ್ಲಿ. ಒಂದೇ ಪಾನಾದಿಂದ ಹತ್ತು ಅಳತೆಯ ಕೆಲಸ ಎಂಬುದು ಇದರ ಆಕರ್ಷಣೆ. ಆದರೆ ಬಿಗಿದುಕೊಂಡ ಬೋಲ್ಟಿನ ಮೇಲೆ ಇದು ಜಾರಿ, ಮೂಲೆಗಳನ್ನು ಸವೆಸಿಬಿಡುತ್ತದೆ. ನುರಿತ ಮೆಕ್ಯಾನಿಕ್ ಇದನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತಾನೆ, ಆದರೆ ಕೊನೆಗೆ ಕೈಗೆತ್ತಿಕೊಳ್ಳುತ್ತಾನೆ.

ಚೀಲದ ತೂಕವನ್ನು ನಿಜವಾಗಿ ಇಳಿಸಿದವನು ಅಮೆರಿಕದ ಮಿಲ್ವಾಕಿಯ ಜೋಸೆಫ್ ಜಾನ್ಸನ್. ಆಗಿನ ಬಾಕ್ಸ್ ಪಾನಾಗಳಲ್ಲಿ ಹಿಡಿ ಮತ್ತು ತಲೆ ಒಂದೇ ತುಂಡು. ಹತ್ತು ಅಳತೆ ಬೇಕಿದ್ದರೆ ಹತ್ತು ಪಾನಾ. ಕೆಲವು ಬೋಲ್ಟುಗಳಿಗೆ ನೇರ ಹಿಡಿ, ಕೆಲವಕ್ಕೆ ಬಾಗಿದ ಹಿಡಿ ಎಂದರೆ ಲೆಕ್ಕ ಇನ್ನೂ ಬೆಳೆಯುತ್ತಿತ್ತು. ತಲೆಗಳನ್ನೇ ಕಳಚಿ ಬೇರೆ ಬೇರೆ ಹಿಡಿಗಳಿಗೆ ಸಿಕ್ಕಿಸಿದರೆ ಹೇಗೆ ಎಂದು ಆತ ತನ್ನ ಮಾಲೀಕರನ್ನು ಕೇಳಿದ. ಅವರು ಒಪ್ಪಲಿಲ್ಲ. ಆತ ಗೆಳೆಯನೊಬ್ಬನನ್ನು ಜೊತೆ ಮಾಡಿಕೊಂಡು 1920ರಲ್ಲಿ ಸ್ವಂತ ಕಂಪನಿ ತೆರೆದ. ಐದು ಹಿಡಿ, ಹತ್ತು ಸಾಕೆಟ್. ಹದಿನೈದು ತುಂಡುಗಳಿಂದ ಐವತ್ತು ಪಾನಾಗಳ ಕೆಲಸ. ಸ್ನ್ಯಾಪ್-ಆನ್ ಎಂಬ ಹೆಸರು ಬಂದದ್ದು ಹೀಗೆ. ಇಂದು ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಸಾಕೆಟ್ ಸೆಟ್ಟುಗಳಲ್ಲಿ ಇರುವುದು ಇದೇ ಏರ್ಪಾಡು. ನೆಬ್ರಾಸ್ಕದ ಡಿ ವಿಟ್ ಎಂಬ ಸಣ್ಣ ಊರಿನ ಕಮ್ಮಾರ ವಿಲಿಯಂ ಪೀಟರ್ಸನ್ 1924ರಲ್ಲಿ ಹಿಡಿದ ಪಟ್ಟು ಬಿಡದ ಲಾಕಿಂಗ್ ಪ್ಲೇಯರ್ ತಯಾರಿಸಿದ್ದೂ ಇಂಥದೇ ಅಗತ್ಯದಿಂದ. ಡೆನ್ಮಾರ್ಕಿನಿಂದ ವಲಸೆ ಬಂದಿದ್ದ ಆತನಿಗೆ ಕಬ್ಬಿಣ ಬಡಿಯುವಾಗ ಅದನ್ನು ಹಿಡಿದುಕೊಳ್ಳಲು ಮೂರನೆಯ ಕೈಯೊಂದು ಬೇಕಿತ್ತು.

ಇವೆಲ್ಲ ರಿಪೇರಿ ಮಾಡುವವನ ಕಷ್ಟ ನೋಡಿ ಹುಟ್ಟಿದವು. ಎಲ್ಲ ಉಪಕರಣಗಳ ಕಥೆಯೂ ಹೀಗಿಲ್ಲ. ನಾವು ಸ್ಟಾರ್ ಸ್ಕ್ರೂ ಎನ್ನುವುದನ್ನು ಪ್ರಚಾರಕ್ಕೆ ತಂದವನು ಒರೆಗಾನಿನ ಹೆನ್ರಿ ಫಿಲಿಪ್ಸ್. 1936ರಲ್ಲಿ ಕ್ಯಾಡಿಲಾಕ್ ಕಾರು ತಯಾರಕರು ಅದನ್ನು ಬಳಸತೊಡಗಿದರು. ಅದರ ಮುಖ್ಯ ಅನುಕೂಲ ಕಾರ್ಖಾನೆಗೆ. ಯಂತ್ರದ ಮೊನೆ ತಾನಾಗಿ ಸ್ಕ್ರೂವಿನ ನಡುವೆ ಕೂರುತ್ತದೆ, ಜೋಡಣೆ ಬೇಗ ಮುಗಿಯುತ್ತದೆ. ರಸ್ತೆ ಬದಿಯವನಿಗೆ ಬಂದ ಪಾಲು, ಚೀಲಕ್ಕೆ ಇನ್ನೊಂದು ಸ್ಕ್ರೂಡ್ರೈವರ್.

ಆದರೆ ಎಲ್ಲಕ್ಕಿಂತ ದೊಡ್ಡ ಕಿರಿಕಿರಿ ಅಳತೆಯದು. ಬ್ರಿಟನ್ನಿನಲ್ಲಿ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಮರೆಗಳಿಗೆ 55 ಡಿಗ್ರಿ ಕೋನ ನಿಗದಿ ಮಾಡಿದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಎಂದರು. ಯುರೋಪಿನ ಇತರ ದೇಶಗಳು ಮಿಲಿಮೀಟರಿಗೆ ಹೊರಳಿದವು. ವಿಟ್‌ವರ್ತ್ ಪಾನಾದ ಮೇಲಿನ ಅಂಕಿ ಬೋಲ್ಟಿನ ದಪ್ಪವನ್ನು ಹೇಳಿದರೆ, ನಂತರದ ಅಮೆರಿಕನ್ ಪಾನಾಗಳ ಮೇಲಿನ ಅಂಕಿ ಬೋಲ್ಟಿನ ತಲೆಯ ಅಗಲವನ್ನು ಹೇಳುತ್ತದೆ. ಅಂದರೆ ಎರಡು ಪಾನಾಗಳ ಮೇಲೆ ಒಂದೇ ಅಂಕಿ ಇದ್ದರೂ ಅವು ಬೇರೆ ಬೇರೆ ಬೋಲ್ಟಿನವು! ಎರಡನೆಯ ಮಹಾಯುದ್ಧದಲ್ಲಿ ಇದು ದುಬಾರಿಯಾಯಿತು. ಬ್ರಿಟನ್ನಿನ ಮೆರ್ಲಿನ್ ವಿಮಾನ ಎಂಜಿನ್ನನ್ನು ಡೆಟ್ರಾಯಿಟಿನಲ್ಲಿ ತಯಾರಿಸಲು ಹೊರಟ ಪ್ಯಾಕರ್ಡ್ ಕಂಪನಿ, ಬ್ರಿಟಿಷ್ ಮರೆಗಳನ್ನು ಕೊರೆಯುವ ಉಪಕರಣಗಳನ್ನೂ ತಾನೇ ಹೊಂದಿಸಿಕೊಳ್ಳಬೇಕಾಯಿತು. ಕೊನೆಗೆ 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಒಂದೇ ಬಗೆಯ ಮರೆಗೆ ಒಪ್ಪಿ ಸಹಿ ಹಾಕಿದವು. ಅದೂ ಇಂಚಿನ ಲೆಕ್ಕದಲ್ಲೇ.

ಈ ಎರಡು ಲೆಕ್ಕಗಳೂ ಭಾರತಕ್ಕೆ ಬಂದವು. ಮುಂಬೈಯಲ್ಲಿ ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಜೀಪಿನದು ಇಂಚಿನ ಬೋಲ್ಟು. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಲಾರಿಗಳು ಹೊರಬಂದವು. ಜರ್ಮನಿಯ ಸಂಬಂಧದಿಂದಾಗಿ ಅವು ಮಿಲಿಮೀಟರಿನವು. ದೇಶ 1956ರಲ್ಲಿ ಮೆಟ್ರಿಕ್ ಪದ್ಧತಿಗೆ ಕಾಯ್ದೆ ಮಾಡಿತು. ಸೇರು, ಮಣ ಹೋಗಿ ಕಿಲೋ ಬಂತು. ಆದರೆ ಓಡುತ್ತಿದ್ದ ಗಾಡಿಗಳ ಬೋಲ್ಟುಗಳನ್ನು ಕಾಯ್ದೆಯಿಂದ ಬದಲಿಸಲಾಗುವುದಿಲ್ಲವಲ್ಲ! ಹೀಗಾಗಿ ಮೆಕ್ಯಾನಿಕ್‌ಗಳು ಬಹುಕಾಲ ಎರಡೆರಡು ಸೆಟ್ಟು ಇಟ್ಟುಕೊಳ್ಳಬೇಕಾಯಿತು.

ಒಂದರ ಬದಲು ಇನ್ನೊಂದು ನಡೆಯದೇ ಎಂದರೆ, ಕೆಲವೆಡೆ ನಡೆಯುತ್ತದೆ. ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ. ಹತ್ತೊಂಬತ್ತರ ಪಾನಾ ಅಲ್ಲಿ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ. ಅರ್ಧ ಇಂಚು 12.7 ಮಿ.ಮೀ. ಹದಿಮೂರರ ಪಾನಾ ಕೂತರೂ ಕೂದಲೆಳೆಯಷ್ಟು ಸಡಿಲ. ತುಕ್ಕು ಹಿಡಿದ ಬೋಲ್ಟಿನ ಮೂಲೆ ಗುಂಡಗಾಗಲು ಅಷ್ಟು ಸಾಕು. 9/16 ಇಂಚಿನದಂತೂ 14.29 ಮಿ.ಮೀ. ಹದಿನಾಲ್ಕರ ಪಾನಾ ಏರದು, ಹದಿನೈದರದು ಜಾರುತ್ತದೆ. ಮೆಕ್ಯಾನಿಕ್‌ಗಳಿಗೆ ಈ ಲೆಕ್ಕವೆಲ್ಲ ಬೆರಳ ತುದಿಯಲ್ಲೇ ಇತ್ತು.

1988ರಲ್ಲಿ ಟಾಟಾ ಮೊಬೈಲ್ ಬಂದ ಮೇಲೆ ಪಿಕಪ್ ಎಂಬ ಮಾತು ಇಲ್ಲಿ ಬಳಕೆಗೆ ಬಂತು. ಇಂದಿನ ಪಿಕಪ್‌ಗಳೆಲ್ಲ ಮಿಲಿಮೀಟರಿನವೇ. ಹೀಗಾಗಿ ಈಗ ಚೀಲ ಕೂಡಿಸುವುದು ಸುಲಭ. ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು, ಹದಿನಾಲ್ಕು-ಹದಿನೈದು, ಹದಿನಾರು-ಹದಿನೇಳು, ಹದಿನೆಂಟು-ಹತ್ತೊಂಬತ್ತರ ಪಾನಾಗಳು, ಅದೇ ಅಳತೆಗಳ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್, ಎರಡು ಬಗೆಯ ಸ್ಕ್ರೂಡ್ರೈವರ್, ಪ್ಲೇಯರ್, ಟೆಸ್ಟ್ ಲ್ಯಾಂಪ್, ಕೆಲವು ಫ್ಯೂಸು, ಇನ್ಸುಲೇಷನ್ ಟೇಪು, ಟಾರ್ಚು. ಹೊರೆ ತುಂಬಿದ ಗಾಡಿಯನ್ನು ಎತ್ತಬಲ್ಲ ಜಾಕ್, ಅದರ ಕೆಳಗಿಡಲು ಒಂದು ಹಲಗೆ. ಮಣ್ಣಿನ ರಸ್ತೆಯಲ್ಲಿ ಜಾಕ್ ಹೂತುಹೋಗುವುದನ್ನು ಕಂಡವರು ಹಲಗೆ ಮರೆಯುವುದಿಲ್ಲ. ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ಯಾರೂ ನುಗ್ಗಬಾರದು.

ಪಾನಾಗಳ ತಕರಾರು ತೀರುತ್ತಿದ್ದಂತೆ ಇನ್ನೊಂದು ತಕರಾರು ಎದ್ದಿದೆ. ಅಮೆರಿಕ 1996ರಿಂದ ಕಾರು ಮತ್ತು ಪಿಕಪ್‌ಗಳಲ್ಲಿ ದೋಷವನ್ನು ಸಂಕೇತದಲ್ಲಿ ತಿಳಿಸುವ ಏಕರೂಪದ ಕನೆಕ್ಟರನ್ನು ಕಡ್ಡಾಯ ಮಾಡಿತು. ಅದಕ್ಕೆ ಸಿಕ್ಕಿಸುವ ಅಂಗೈಯಗಲದ ಯಂತ್ರವೂ ಈಗ ಚೀಲ ಸೇರಿದೆ. ಆದರೆ ಗಾಡಿಯೊಳಗಿನ ಎಲ್ಲ ಮಾಹಿತಿಯೂ ಅದರಲ್ಲಿ ತೆರೆಯುವುದಿಲ್ಲ. ಕಂಪನಿಯ ಸ್ವಂತ ಯಂತ್ರ, ಸ್ವಂತ ಕೈಪಿಡಿ ಬೇಕಾಗುವ ಕೆಲಸಗಳು ಬಹಳ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ, ಈ ಮಾಹಿತಿ ಹೊರಗಿನ ಗ್ಯಾರೇಜಿಗೂ ಸಿಗಬೇಕೆಂದು ಮತ ಹಾಕಿದರು. ಭಾರತದಲ್ಲಿ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಲಾಗಿದೆ ಎಂಬುದು ಆಯೋಗದ ಆಕ್ಷೇಪವಾಗಿತ್ತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು.

ಇತ್ತ ಸ್ಟೆಪ್ನಿಗೂ ಕುತ್ತು ಬಂದಿದೆ. ಟ್ಯೂಬ್‌ರಹಿತ ಟೈರು, ಗಾಳಿಯ ಒತ್ತಡ ತೋರಿಸುವ ಸಾಧನ ಮತ್ತು ಪಂಕ್ಚರ್ ಕಿಟ್ ಇದ್ದರೆ ಸಣ್ಣ ಪ್ರಯಾಣಿಕ ವಾಹನಗಳಿಗೆ ಹೆಚ್ಚುವರಿ ಚಕ್ರ ಬೇಕಿಲ್ಲವೆಂದು ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ನಿಯಮ ತಿದ್ದಿತು. ಟನ್ನುಗಟ್ಟಲೆ ಸರಕು ಹೊತ್ತು ರಾತ್ರಿ ಘಾಟಿ ಇಳಿಯುವವರು ಮಾತ್ರ ಹೊರಡುವ ಮುನ್ನ ಸ್ಟೆಪ್ನಿಗೆ ಗಾಳಿ ಇದೆಯೇ ಎಂದು ಒದ್ದು ನೋಡುತ್ತಾರೆ, ವೀಲ್ ಪಾನಾ ಸೀಟಿನಡಿಯಲ್ಲಿ ಇದೆಯೇ ಎಂದು ಕೈಯಾಡಿಸಿಕೊಳ್ಳುತ್ತಾರೆ.