ಕೂಡುವುದೋ ಬಿಡುವುದೋ: ಹೈದರಾಬಾದು ಕಂಡ ಎರಡು ಚರ್ಚೆಗಳು

ಒಂದು ನಾಡು ರಾಜಕೀಯ ಹಾಗೂ ಆರ್ಥಿಕ ಒಕ್ಕೂಟವೊಂದರಲ್ಲಿ ಇರಬೇಕೆ, ಹೊರಗುಳಿಯಬೇಕೆ ಎಂಬ ಚರ್ಚೆ ಸಾಮಾನ್ಯವಾಗಿ ಲಾಭನಷ್ಟದ ಲೆಕ್ಕದಿಂದ ತೊಡಗುತ್ತದೆ. ಆ ಲೆಕ್ಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಿರ್ಧರಿಸತಕ್ಕವರು ಯಾರು? ಹೈದರಾಬಾದು 1947ರಿಂದ 1956ರವರೆಗಿನ ಒಂಬತ್ತು ವರ್ಷಗಳಲ್ಲಿ ಈ ಬಗೆಯ ಚರ್ಚೆಯನ್ನು ಎರಡು ಬಾರಿ ಕಂಡಿತು. ಎರಡೂ ಬಾರಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರ ಭವಿಷ್ಯ ಅದಕ್ಕೆ ತಳುಕು ಹಾಕಿಕೊಂಡಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ನಮ್ಮ ಉದ್ದೇಶ.

ಮೊದಲನೆಯ ಚರ್ಚೆಯ ವಾದವು ಸರಳವಾಗಿತ್ತು. ಬ್ರಿಟಿಷರ ಸಾರ್ವಭೌಮತ್ವ ಕೊನೆಗೊಂಡೊಡನೆ ಸಂಸ್ಥಾನ ತನ್ನ ಪೂರ್ಣ ಸ್ವಾತಂತ್ರ್ಯಕ್ಕೆ ಮರಳುತ್ತದೆ ಎಂದು ಮೀರ್ ಉಸ್ಮಾನ್ ಅಲಿ ಖಾನರು 1947ರ ಜೂನ್‌ನಲ್ಲಿ ಫರ್ಮಾನು ಹೊರಡಿಸಿದರು. ಸುಮಾರು 82,000 ಚದರ ಮೈಲಿ ವಿಸ್ತಾರ, ಒಂದೂವರೆ ಕೋಟಿಗೂ ಮೀರಿದ ಜನಸಂಖ್ಯೆ, ಸ್ವಂತ ಅಂಚೆ, ಸ್ವಂತ ಸುಂಕದ ಕಟ್ಟೆಗಳು, ಸ್ವಂತ ನಾಣ್ಯವಾದ ಹಾಲಿ ಸಿಕ್ಕಾ: ಒಂದು ದೇಶಕ್ಕೆ ಬೇಕಾದುದೆಲ್ಲವೂ ಇದೆಯೆಂದು ನಿಜಾಮರ ಪಕ್ಷದವರು ನಂಬಿದ್ದರು. ಈ ನಂಬಿಕೆಯನ್ನು ಕೇವಲ ಭ್ರಮೆಯೆಂದು ತಳ್ಳಿಹಾಕುವುದು ಇತಿಹಾಸಕಾರರಿಗೆ ತಕ್ಕುದಲ್ಲ. ಇದಕ್ಕಿಂತ ಚಿಕ್ಕ ರಾಷ್ಟ್ರಗಳು ಅಂದೂ ಇದ್ದವು.

ಆದರೆ ಭೂಗೋಳ ಬೇರೆಯ ಮಾತನ್ನೇ ಹೇಳುತ್ತಿತ್ತು. ಸಂಸ್ಥಾನಕ್ಕೆ ಕಡಲ ತೀರವಿರಲಿಲ್ಲ. ಹೈದರಾಬಾದಿನಿಂದ ಮುಂಬಯಿಗೆ ಹೋಗುವ ರೈಲು ಗುಲಬರ್ಗಾ ಜಿಲ್ಲೆಯ ವಾಡಿಯಲ್ಲಿ ಬ್ರಿಟಿಷ್ ಭಾರತದ ಹಳಿಗಳನ್ನು ಕೂಡಿಕೊಳ್ಳುತ್ತಿತ್ತು. ಮುಂಬಯಿ, ಮದರಾಸುಗಳ ಕಡೆಯಿಂದ ಬಂದ ಎರಡು ಮಾರ್ಗಗಳು 1871ರಲ್ಲಿಯೇ ರಾಯಚೂರಿನಲ್ಲಿ ಸಂಧಿಸಿದ್ದವು. ಅಂದರೆ ರಾಜ್ಯದ ಹೆಬ್ಬಾಗಿಲುಗಳು ಕನ್ನಡ ಜಿಲ್ಲೆಗಳಲ್ಲಿದ್ದವು. ಅವುಗಳ ಆಚೆಬದಿಯ ಚಿಲಕ ಭಾರತದ ಕೈಯಲ್ಲಿತ್ತು. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಬಹುಬೇಗನೆ ತಲೆದೋರಿದ ಜಗಳಗಳು ಹಣಕಾಸಿನವೇ ಎಂಬುದು ಗಮನಾರ್ಹ: ಭಾರತದ ನಾಣ್ಯದ ಚಲಾವಣೆಯ ಮೇಲಿನ ನಿರ್ಬಂಧ, ಬೆಲೆಬಾಳುವ ಲೋಹಗಳ ರಫ್ತಿನ ನಿಷೇಧ, ಪಾಕಿಸ್ತಾನಕ್ಕೆ ಕೊಟ್ಟ 20 ಕೋಟಿ ರೂಪಾಯಿಗಳ ಸಾಲ. ಇತ್ತ ಭಾರತವು ಆರ್ಥಿಕ ದಿಗ್ಬಂಧನ ಹೇರಿದೆಯೆಂದು ಹೈದರಾಬಾದು ದೂರಿತು.

ಪ್ರಜೆಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಸಂಧಾನದಲ್ಲಿ ಜನಮತಗಣನೆಯ ಮಾತು ಬಂದಿತಾದರೂ ಅದು ನಡೆಯಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸು ಭಾರತವನ್ನು ಸೇರಬೇಕೆಂದು 1947ರ ಆಗಸ್ಟ್ 7ರಂದು ಚಳವಳಿ ಹೂಡಿತು; ನಾಯಕರು ಸೆರೆಮನೆ ಸೇರಿದರು. ಹಳ್ಳಿಗಳು ರಜಾಕಾರರ ಹಾವಳಿಗೆ ಸಿಕ್ಕವು. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಸೈನಿಕ ಕಾರ್ಯಾಚರಣೆಯಲ್ಲಿ ಪ್ರಶ್ನೆ ಇತ್ಯರ್ಥವಾಯಿತು. ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ಸುಂದರಲಾಲ್ ಸಮಿತಿ ದಾಖಲಿಸಿತು. ಸತ್ತವರು ಇಪ್ಪತ್ತೇಳರಿಂದ ನಲವತ್ತು ಸಾವಿರವೆಂದು ಅದರ ಅಂದಾಜು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾಗಳು ಸೇರಿವೆ. ವಿಮೋಚನೆಯ ಸಂತೋಷವನ್ನು ಬರೆಯುವ ಲೇಖನಿ ಈ ದುಃಖವನ್ನೂ ಬರೆಯಬೇಕು; ಇಲ್ಲವಾದರೆ ನಮ್ಮ ಇತಿಹಾಸ ಅರೆಯಾದೀತು.

ಎರಡನೆಯ ಚರ್ಚೆ ಸಂಸ್ಥಾನವನ್ನೇ ಒಡೆಯಬೇಕೆ ಎಂಬುದು. ಹೈದರಾಬಾದೂ ಒಂದು ಒಕ್ಕೂಟವೇ ಆಗಿತ್ತು: ತೆಲುಗು, ಮರಾಠಿ, ಕನ್ನಡ ಪ್ರದೇಶಗಳು, ಅವುಗಳ ಮೇಲೆ ಉರ್ದುವಿನ ಆಡಳಿತ. ಭಾಷೆಗಳು ಕೂಡಿ ಬಾಳಿದ ಈ ನೆಲೆಯನ್ನು ಉಳಿಸಿಕೊಳ್ಳಬೇಕೆಂಬ ವಾದ ನಗರದಲ್ಲಿ ಕೇಳಿಬಂದಿತು. ಏಕೀಕರಣವಾದಿಗಳಿಗೆ ಅದು ಸಮ್ಮತವಾಗಲಿಲ್ಲ. ತಾಯಿನುಡಿಯಲ್ಲಿ ಕಲಿಯಲಾಗದ ಕೂಡುಬಾಳುವೆ ಯಾರಿಗಾಗಿ ಎಂಬುದು ಅವರ ಪ್ರಶ್ನೆ. 1955ರಲ್ಲಿ ಫಜಲ್ ಅಲಿ ಆಯೋಗವು ಗುಲಬರ್ಗಾ, ರಾಯಚೂರುಗಳನ್ನು ಕರ್ನಾಟಕಕ್ಕೆ ಕೊಟ್ಟು, ಬೀದರ ಜಿಲ್ಲೆಯನ್ನು ಉಳಿದ ಹೈದರಾಬಾದಿನೊಡನೆ ಇರಿಸಲು ಸಲಹೆ ಮಾಡಿತು. ತೆಲಂಗಾಣವು ಆಂಧ್ರವನ್ನು ಕೂಡುವ ವಿಷಯವನ್ನು 1961ರ ಸುಮಾರಿನ ಚುನಾವಣೆಯ ನಂತರಕ್ಕೆ ಬಿಟ್ಟಿತು.

ಆ ವರ್ಷದ ಕೊನೆಯಲ್ಲಿ ಹೈದರಾಬಾದು ವಿಧಾನಸಭೆ ವರದಿಯನ್ನು ಚರ್ಚಿಸಿತು. ಮತದಾನ ನಡೆಯಲಿಲ್ಲ. ಅಭಿಪ್ರಾಯ ತಿಳಿಸಿದ 147 ಸದಸ್ಯರಲ್ಲಿ 103 ಮಂದಿ ವಿಶಾಲಾಂಧ್ರದ ಪರ, 29 ಮಂದಿ ವಿರೋಧ, 15 ಮಂದಿ ತಟಸ್ಥ. ಈ 103ರಲ್ಲಿ ಕನ್ನಡ, ಮರಾಠಿ ಸದಸ್ಯರೂ ಇದ್ದರು. ತೆಲಂಗಾಣದ ಸದಸ್ಯರನ್ನಷ್ಟೇ ಎಣಿಸಿದರೆ 59 ಪರ, 25 ವಿರೋಧ. ಆಗಲೂ ಬಹುಮತ ಅದೇ. ಆದರೂ ಮನೆ ಬಿಟ್ಟು ಹೊರಟವರು ಆ ಮನೆಯಲ್ಲಿ ಉಳಿಯುವವರ ಭವಿಷ್ಯಕ್ಕೆ ಅಭಿಪ್ರಾಯ ಕೊಡಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಶೇ. 51.9 ಮತದಾರರು ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದಾಗ, ಸ್ಕಾಟ್ಲೆಂಡು ಮತ್ತು ಉತ್ತರ ಐರ್ಲೆಂಡುಗಳ ಬಹುಮತ ಉಳಿಯಬೇಕೆಂದಿತ್ತು. ಎಣಿಕೆಯ ಎಲ್ಲೆಯನ್ನು ಎಲ್ಲಿ ಎಳೆಯುತ್ತೇವೆಯೋ ಅಲ್ಲಿಯೇ ಅರ್ಧ ಉತ್ತರ ಅಡಗಿರುತ್ತದೆ.

ಎಲ್ಲೆಯ ಮಾತು ಬಂದಾಗ ನಾವು ಹಳಗನ್ನಡದ ವಿದ್ಯಾರ್ಥಿಗಳು ಕವಿರಾಜಮಾರ್ಗವನ್ನು ನೆನೆಯುತ್ತೇವೆ. ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದ ಆ ಕೃತಿ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಕಂಡಿತು. ಕವಿಗಳ ನಾಡಿಗೆ ನದಿಗಳು ಸಾಕು. ಕಾಯಿದೆಯ ನಾಡಿಗೆ ತಾಲೂಕುಗಳು ಬೇಕು. 1956ರ ನವೆಂಬರ್ 1ರಂದು ಗದ್ವಾಲ, ಆಲಂಪುರಗಳು ರಾಯಚೂರಿನಿಂದಲೂ, ಕೊಡಂಗಲ್, ತಾಂಡೂರುಗಳು ಗುಲಬರ್ಗಾದಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು.

ಮೂರು ಜಿಲ್ಲೆಗಳು ಕನ್ನಡ ರಾಜ್ಯವನ್ನು ಕೂಡಿದವು. ತಮ್ಮ ರಾಜಧಾನಿಯನ್ನು ಕಳೆದುಕೊಂಡವು. ಉಸ್ಮಾನಿಯಾ ವಿಶ್ವವಿದ್ಯಾಲಯ, ಉಚ್ಚನ್ಯಾಯಾಲಯ, ದೊಡ್ಡ ಆಸ್ಪತ್ರೆಗಳೆಲ್ಲ ಹೈದರಾಬಾದಿನಲ್ಲಿಯೇ ಉಳಿದವು. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಉಚ್ಚನ್ಯಾಯಾಲಯದ ಸಂಚಾರಿ ಪೀಠ ಬಂದದ್ದು 2008ರಲ್ಲಿ. 371(ಜೆ) ವಿಧಿಯ ವಿಶೇಷ ಸ್ಥಾನಮಾನಕ್ಕೆ 2012ರಲ್ಲಿ ಸಂಸತ್ತಿನ ಒಪ್ಪಿಗೆ ದೊರೆಯಿತು. ಅತ್ತ ಒಪ್ಪಂದದ ಭರವಸೆಗಳು ನೆರವೇರಲಿಲ್ಲವೆಂದು 1969ರಲ್ಲಿ ಸಿಡಿದೆದ್ದ ತೆಲಂಗಾಣ 2014ರ ಜೂನ್ 2ರಂದು ಬೇರೆ ರಾಜ್ಯವಾಯಿತು.

ಹಾಗಾದರೆ ಏಕೀಕರಣ ತಪ್ಪಾಯಿತೆ? ಹಾಗೆಂದು ನಾವು ಹೇಳುವುದಿಲ್ಲ. ತನ್ನ ನುಡಿಯಲ್ಲಿ ಅರ್ಜಿ ಬರೆಯಲು, ಮಗುವನ್ನು ಓದಿಸಲು ದೊರೆತ ಅವಕಾಶ ಯಾವ ಲೆಕ್ಕದ ಪುಸ್ತಕಕ್ಕೂ ನಿಲುಕದು. ಆದರೆ ಒಕ್ಕೂಟವನ್ನು ಬಿಡುವ ದಿನ ಒಂದೇ. ಅದರ ಲೆಕ್ಕ ತೀರಲು ಎರಡು ತಲೆಮಾರು ಬೇಕಾಗುತ್ತದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಮುಂದೆ ಹಾದುಹೋಗುವಾಗ ನಮಗೆ ಹೊಳೆಯುವುದು ಇಷ್ಟೆ: ಗಡಿ ಬದಲಾದರೂ ಇದ್ದಲ್ಲಿಯೇ ಉಳಿಯುವವರು ಪ್ರತಿಯೊಂದು ಬೇರ್ಪಡೆಯಲ್ಲಿಯೂ ಇರುತ್ತಾರೆ. ಕೂಡುವುದೋ ಬಿಡುವುದೋ ಎಂದು ತೂಗಿ ನೋಡುವವರು ಅವರನ್ನು ಮೊದಲು ಎಣಿಸಬೇಕು.